ಕೊಡಗಿನ ಬಾಡಿಗೆ ಮನೆಯ ಮಂಚ, ಬೀರು, ಸೋಫಾ: ಯಾವುದು ಯಾರ ಹೊಣೆ?

ಕೊಡಗಿಗೆ ರೈಲಿಲ್ಲ. ಮೈಸೂರಿನಿಂದಲೋ ಮಂಗಳೂರಿನಿಂದಲೋ ಬರುವ ಮಂಚ, ಫ್ರಿಜ್, ಸೋಫಾ ಎಲ್ಲವೂ ಲಾರಿಯಲ್ಲೇ ಬರಬೇಕು. ಹಾಗಾಗಿ ವರ್ಗವಾಗಿ ಬರುವ ಬ್ಯಾಂಕ್ ನೌಕರರು, ಮಡಿಕೇರಿ ಮೆಡಿಕಲ್ ಕಾಲೇಜಿನ ವೈದ್ಯರು ಮತ್ತು ವಿದ್ಯಾರ್ಥಿಗಳು, ಪೊನ್ನಂಪೇಟೆಯ ಅರಣ್ಯ ಕಾಲೇಜಿಗೋ ಕೂಡಿಗೆಯ ಸೈನಿಕ ಶಾಲೆಗೋ ಬರುವ ಸಿಬ್ಬಂದಿ ಸಾಮಾನು ಸಮೇತ ಇರುವ ಮನೆಯನ್ನೇ ಹುಡುಕುತ್ತಾರೆ. ಎರಡು ಮೂರು ವರ್ಷಕ್ಕಾಗಿ ಘಟ್ಟ ಹತ್ತಿಸಿ ಬೀರು ತರುವುದು ಯಾರಿಗೆ ಬೇಕು, ಅಲ್ವಾ? ಇನ್ನೊಂದು ಕಡೆ, ಸೇನೆಯಲ್ಲಿರುವವರ, ಬೆಂಗಳೂರಿನಲ್ಲಿ ಅಥವಾ ಹೊರದೇಶದಲ್ಲಿ ನೆಲೆಸಿದವರ ಮನೆಗಳು ಸಾಮಾನಿನ ಸಮೇತ ಬೀಗ ಹಾಕಿಕೊಂಡಿರುತ್ತವೆ. ಹೋಂಸ್ಟೇಗೆಂದು ಕಟ್ಟಿಸಿ ಆಮೇಲೆ ತಿಂಗಳ ಬಾಡಿಗೆಗೆ ಬಿಟ್ಟ ಮನೆಗಳೂ ಇವೆ. ಇಬ್ಬರಿಗೂ ಅನುಕೂಲವಾದ ವ್ಯವಹಾರವೇ.

ಆದರೆ ಮನೆ ಬಿಡುವ ದಿನ ನೋಡಿ. ಬೀರುವಿನ ಹಿಂಭಾಗಕ್ಕೆ ಬೂಷ್ಟು ಹಿಡಿದಿರುತ್ತದೆ. ಅಡುಗೆಮನೆ ಕಪಾಟಿನ ಬುಡ ಉಬ್ಬಿರುತ್ತದೆ. ಹಾಸಿಗೆ ವಾಸನೆ ಬರುತ್ತಿರುತ್ತದೆ. ಓನರ್ ಅಡ್ವಾನ್ಸಿನಲ್ಲಿ ದುಡ್ಡು ಹಿಡಿಯುತ್ತಾರೆ. ಬಾಡಿಗೆದಾರರು, ಇದು ಮಳೆ ಮಾಡಿದ್ದು, ನಾವೇನು ಮಾಡೋಣ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಮನೆ ಕೊಡುವಾಗ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಎಂದು ಮಾತಾಡುತ್ತಾರೆ. ಮಳೆಗಾಲದ ಹೊಣೆ ಯಾರದು ಎಂದು ಮಾತಾಡುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಫರ್ನಿಚರ್ ಜಗಳದ ಬೇರು ಬಹುಪಾಲು ಇಲ್ಲೇ ಇದೆ ಎಂದು ನನ್ನ ನಂಬಿಕೆ.

ಫರ್ನಿಶ್ಡ್ ಅಂದರೆ ಏನೇನು?

ಇದಕ್ಕೆ ಕಾನೂನಿನಲ್ಲಿ ಕಟ್ಟುನಿಟ್ಟಿನ ಪಟ್ಟಿ ಇಲ್ಲ. ರೂಢಿಯಲ್ಲಿ ಸೆಮಿ ಫರ್ನಿಶ್ಡ್ ಎಂದರೆ ಗೋಡೆಗೆ ಕೂಡಿಸಿದ ವಾರ್ಡ್‌ರೋಬ್, ಅಡುಗೆಮನೆ ಕಪಾಟು, ಫ್ಯಾನು, ಲೈಟು, ಗೀಸರ್. ಫುಲ್ಲಿ ಫರ್ನಿಶ್ಡ್ ಎಂದರೆ ಅದರ ಮೇಲೆ ಮಂಚ, ಹಾಸಿಗೆ, ಸೋಫಾ, ಊಟದ ಮೇಜು, ಫ್ರಿಜ್, ವಾಷಿಂಗ್ ಮೆಷಿನ್, ಟಿವಿ. ಇಷ್ಟರವರೆಗೆ ಹೆಚ್ಚು ತಕರಾರಿಲ್ಲ.

ತಕರಾರು ಬರುವುದು ಅಂಚಿನಲ್ಲಿರುವ ವಸ್ತುಗಳಲ್ಲಿ. ಕರ್ಟನ್ ಇದೆಯಾ? ಇನ್ವರ್ಟರ್ ಇದ್ದರೂ ಬ್ಯಾಟರಿ ಸತ್ತಿದ್ದರೆ ಅದನ್ನು ಇದೆ ಎನ್ನಬಹುದೇ? ಗ್ಯಾಸ್ ಒಲೆ ಕೊಟ್ಟರು, ಸಿಲಿಂಡರ್ ಕನೆಕ್ಷನ್ ಯಾರ ಹೆಸರಲ್ಲಿ? ಹೋಂಸ್ಟೇ ಆಗಿದ್ದ ಮನೆಯಾದರೆ ಬಾಡಿಗೆದಾರರು ಬೆಡ್‌ಶೀಟು, ಪಾತ್ರೆ, ತಟ್ಟೆ ಎಲ್ಲ ಇರುತ್ತದೆ ಅಂದುಕೊಂಡು ಬರುತ್ತಾರೆ. ಓನರ್ ಅವನ್ನೆಲ್ಲ ಮೊದಲೇ ತಮ್ಮ ಮನೆಗೆ ಒಯ್ದಿರುತ್ತಾರೆ. ಕೊಡಗಿನಲ್ಲಿ ಇನ್ನೆರಡು ಪ್ರಶ್ನೆ ಕೇಳಲೇಬೇಕು. ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುವುದು? ಮರ ಬಿದ್ದು ಲೈನು ಹೋದರೆ ಬಿಸಿನೀರಿಗೆ ದಾರಿ ಏನು? ಹಂಡೆ ಒಲೆ ಇರುವ ಮನೆಯಾದರೆ ಸೌದೆ ಇಡಲು ಜಾಗ ಬೇಕು. ಸೋಲಾರ್ ಮಾತ್ರ ಇದ್ದರೆ ಜುಲೈಯಲ್ಲಿ ಅದನ್ನು ನಂಬಿ ಕೂರಲು ಆಗುವುದಿಲ್ಲ.

ಬೀಗ ಹಾಕಿದ ಕೋಣೆಯ ವಿಷಯವೂ ಇದೆ. ಊರಲ್ಲಿಲ್ಲದ ಓನರ್‌ಗಳು ತಮ್ಮ ಹಳೆಯ ಸಾಮಾನನ್ನು ಒಂದು ಕೋಣೆಯಲ್ಲಿಟ್ಟು ಬೀಗ ಹಾಕಿ ಉಳಿದದ್ದನ್ನು ಬಾಡಿಗೆಗೆ ಕೊಡುತ್ತಾರೆ. ತಪ್ಪೇನಿಲ್ಲ. ಆದರೆ ಆ ಕೋಣೆ ಬಾಡಿಗೆಯಲ್ಲಿ ಸೇರಿಲ್ಲ ಎಂದು ಕರಾರಿನಲ್ಲಿ ಬರೆಯಬೇಕು. ಕೈಲ್‌ಪೊಳ್ದ್ ಹಬ್ಬಕ್ಕೋ ಪುತ್ತರಿ ಹಬ್ಬಕ್ಕೋ ಊರಿಗೆ ಬಂದಾಗ ಅದನ್ನು ತೆಗೆಯುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂದೂ ಬರೆಯಬೇಕು. ಬಾಡಿಗೆ ಕೊಡುತ್ತಿರುವವರೆಗೆ ಆ ಮನೆಯಲ್ಲಿ ಯಾರ ಅಡಚಣೆಯೂ ಇಲ್ಲದೆ ಇರುವ ಹಕ್ಕು ಬಾಡಿಗೆದಾರರದು. ಮುಚ್ಚಿದ ಆ ಕೋಣೆಯಿಂದ ಬೂಷ್ಟು, ಗೆದ್ದಲು ಪಕ್ಕದ ಕೋಣೆಗೆ ಬರುವುದೂ ಉಂಟು. ಅದರ ಹೊಣೆ ಕೀಲಿ ಯಾರ ಕೈಯಲ್ಲಿದೆಯೋ ಅವರದು.

ಮನೆಗೆ ಒಂದು ಕಾಯ್ದೆ, ಮಂಚಕ್ಕೆ ಇನ್ನೊಂದು

1999ರ ಕರ್ನಾಟಕ ಬಾಡಿಗೆ ಕಾಯ್ದೆಯನ್ನು ಹಲವರು ನೆನೆಯುತ್ತಾರೆ. ಆದರೆ ಅದಕ್ಕೆ ಬಾಡಿಗೆಯ ಮಿತಿ ಇದೆ. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ದಾಟಿದ ಮನೆಗಳನ್ನು ಅದು ಹೊರಗಿಡುತ್ತದೆ. ಇವತ್ತು ಸಾಮಾನು ಸಮೇತ ಇರುವ ಯಾವ ಮನೆ ಆ ಬಾಡಿಗೆಗೆ ಸಿಗುತ್ತದೆ? ಹಾಗಾಗಿ ನಮ್ಮ ಕೆಲಸಕ್ಕೆ ಬರುವುದು ಎರಡು ಹಳೆಯ ಕಾಯ್ದೆಗಳು. ಕಟ್ಟಡಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆ. ಎತ್ತಿ ಇಡಬಹುದಾದ ಸಾಮಾನಿಗೆ 1872ರ ಕರಾರು ಕಾಯ್ದೆ.

ಮೊದಲನೆಯದರ 108ನೇ ಕಲಮು ಓನರ್ ಮತ್ತು ಬಾಡಿಗೆದಾರರ ಹೊಣೆಗಳನ್ನು ಹೇಳುತ್ತದೆ. ಮನೆಯನ್ನು ಪಡೆದ ಸ್ಥಿತಿಯಲ್ಲೇ ಬಾಡಿಗೆದಾರರು ಹಿಂತಿರುಗಿಸಬೇಕು. ಆದರೆ ಸಹಜ ಸವಕಳಿಗೂ, ತಡೆಯಲಾಗದ ಶಕ್ತಿಯಿಂದ ಆದ ಹಾನಿಗೂ ಅವರು ಹೊಣೆಯಲ್ಲ. ಇದೇ ಕಲಮಿನಲ್ಲಿ ಓನರ್‌ಗೆ ಒಂದು ಮುಖ್ಯ ಕರ್ತವ್ಯ ಇದೆ. ಮನೆಯ ದೊಡ್ಡ ದೋಷವೊಂದು ಅವರಿಗೆ ಗೊತ್ತಿದ್ದು, ಬಾಡಿಗೆದಾರರಿಗೆ ಸಾಮಾನ್ಯವಾಗಿ ನೋಡಿದರೆ ಕಾಣದಂತಿದ್ದರೆ, ಅದನ್ನು ಹೇಳಲೇಬೇಕು. ಕೊಡಗಿನಲ್ಲಿ ಈ ಮಾತಿಗೆ ಬಹಳ ತೂಕ ಇದೆ. ಫೆಬ್ರವರಿಯಲ್ಲಿ ಹೊಸ ಪೇಂಟ್ ಬಳಿದ ಗೋಡೆ ಜುಲೈಯಲ್ಲಿ ನೀರು ಸೋರುತ್ತದೆ ಎಂದು ಓನರ್‌ಗೆ ಗೊತ್ತಿರುತ್ತದೆ, ಮನೆ ನೋಡಲು ಬಂದವರಿಗೆ ಹೇಗೆ ಗೊತ್ತಾಗಬೇಕು? ಆ ಗೋಡೆಗೆ ಒರಗಿಸಿದ ಬೀರು ಹಾಳಾದರೆ ಬಾಡಿಗೆದಾರರಿಂದ ದುಡ್ಡು ಕೇಳುವುದು ನ್ಯಾಯವಲ್ಲ.

ಇನ್ನು ಸಾಮಾನು. ಬಾಡಿಗೆಗೆ ಪಡೆದ ವಸ್ತುವನ್ನು, ಸಾಮಾನ್ಯ ವಿವೇಕ ಇರುವ ಒಬ್ಬರು ತಮ್ಮ ಸ್ವಂತ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಾರೋ ಹಾಗೆ ನೋಡಿಕೊಳ್ಳಬೇಕು ಎನ್ನುತ್ತದೆ ಕರಾರು ಕಾಯ್ದೆಯ 151ನೇ ಕಲಮು. ಅಷ್ಟು ಎಚ್ಚರ ವಹಿಸಿಯೂ ವಸ್ತು ಹಾಳಾದರೆ, ಬೇರೆ ವಿಶೇಷ ಒಪ್ಪಂದ ಇಲ್ಲದಿದ್ದರೆ, ಪಡೆದವರು ಹೊಣೆಯಲ್ಲ ಎನ್ನುತ್ತದೆ 152. ಅದಕ್ಕೂ ಮೊದಲಿನ 150ನೇ ಕಲಮನ್ನು ಓನರ್‌ಗಳು ಓದಲೇಬೇಕು. ಬಾಡಿಗೆಗೆ ಕೊಟ್ಟ ವಸ್ತುವಿನಲ್ಲಿ ದೋಷ ಇದ್ದು ಅದರಿಂದ ಪಡೆದವರಿಗೆ ಹಾನಿಯಾದರೆ, ದೋಷ ಕೊಟ್ಟವರಿಗೆ ಗೊತ್ತಿರಲಿ ಬಿಡಲಿ, ಹೊಣೆ ಅವರದೇ. ಕುಟ್ಟೆ ಹುಳ ತಿಂದು ಒಳಗೆ ಟೊಳ್ಳಾದ ಮಂಚ ಮುರಿದು ಯಾರಿಗಾದರೂ ಪೆಟ್ಟಾದರೆ ನನಗೆ ಗೊತ್ತಿರಲಿಲ್ಲ ಎಂಬ ಮಾತು ನಿಲ್ಲುವುದಿಲ್ಲ. ಮನೆ ಕೊಡುವ ಮೊದಲು ಮಂಚದ ಕಾಲು, ಕುರ್ಚಿಯ ಕೀಲು, ಗೀಸರ್‌ನ ಅರ್ಥಿಂಗ್ ಒಮ್ಮೆ ಪರೀಕ್ಷೆ ಮಾಡಿಸಿ.

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಎಂಬುದೂ ಇದೆ. ಅದು ಮಾದರಿ ಮಾತ್ರ. ರಾಜ್ಯ ತನ್ನ ಕಾಯ್ದೆ ಮಾಡಿಕೊಂಡಾಗಲೇ ಅದಕ್ಕೆ ಬಲ. ಆದರೂ ಅದರಲ್ಲಿ ಕೆಲಸ ಹಂಚಿದ ಕ್ರಮ ಕರಾರು ಬರೆಯುವವರಿಗೆ ಒಳ್ಳೆಯ ಅಳತೆಗೋಲು. ಕಟ್ಟಡದ ರಿಪೇರಿ, ಸುಣ್ಣಬಣ್ಣ, ಪೈಪು, ವೈರಿಂಗ್ ಓನರ್‌ಗೆ. ನಲ್ಲಿ ವಾಷರ್, ಸ್ವಿಚ್ಚು, ಗೀಸರ್ ರಿಪೇರಿ, ಕಪಾಟಿನ ಹಿಡಿ ಮತ್ತು ಬೀಗ, ಕಿಟಕಿ ಗಾಜು ಬಾಡಿಗೆದಾರರಿಗೆ. ವಾಸದ ಮನೆಗೆ ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದೂ ಅದು ಹೇಳುತ್ತದೆ.

ಬೂಷ್ಟು ಯಾರದು?

ನಿಜವಾದ ವಿಷಯ ಇದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಡಿಕೇರಿಯಲ್ಲಿ ಗಾಳಿಯೇ ಒದ್ದೆ. ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಕುಶಾಲನಗರದ ಕಡೆ ಮಳೆ ತುಂಬ ಕಡಿಮೆ. ಭಾಗಮಂಡಲದ ಕಡೆ ಮಡಿಕೇರಿಗಿಂತಲೂ ಜಾಸ್ತಿ. ಒಂದೇ ಜಿಲ್ಲೆಯಾದರೂ ಕುಶಾಲನಗರದಲ್ಲಿ ಹತ್ತು ವರ್ಷ ಬಾಳುವ ಬೀರು ಮಡಿಕೇರಿಯ ಬೆಟ್ಟದ ಬದಿಯ ಮನೆಯಲ್ಲಿ ಅಷ್ಟು ಬಾಳದೆ ಹೋಗಬಹುದು.

ಬೂಷ್ಟು ಬೆಳೆಯಲು ತೇವ ಬೇಕು, ಗಾಳಿ ಆಡದ ಜಾಗ ಬೇಕು. ತೇವ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಹೊರಗಿನಿಂದ ಗೋಡೆಯ ಮೂಲಕ. ನೈಋತ್ಯ ಮಾರುತದ ಮಳೆ ಮನೆಯ ದಕ್ಷಿಣ ಮತ್ತು ಪಶ್ಚಿಮದ ಗೋಡೆಗಳಿಗೆ ಓರೆಯಾಗಿ ಬಡಿಯುತ್ತದೆ. ಮುಂದೆ ಚಾಚಿದ ಮಾಡು ಇಲ್ಲದ ಹೊಸ ಫ್ಲ್ಯಾಟ್‌ಗಳಲ್ಲಿ ಆ ಗೋಡೆಗಳು ನೀರು ಹೀರಿಕೊಳ್ಳುತ್ತವೆ. ಇನ್ನೊಂದು, ಒಳಗಿನಿಂದ. ಅನ್ನ ಬೇಯಿಸುವಾಗ, ಸ್ನಾನ ಮಾಡುವಾಗ ಏಳುವ ಹಬೆ, ಕೋಣೆಯೊಳಗೆ ಹಗ್ಗ ಕಟ್ಟಿ ಒಣಹಾಕಿದ ಬಟ್ಟೆಯ ನೀರು, ಎಲ್ಲ ಗಾಳಿಗೆ ಸೇರುತ್ತದೆ. ಆ ಗಾಳಿ ಬೀರುವಿನ ಹಿಂದಿನ ತಣ್ಣನೆಯ ಗೋಡೆಗೆ ತಾಗಿದಾಗ ಮತ್ತೆ ನೀರಾಗಿ ಕೂರುತ್ತದೆ. ಅದಕ್ಕೇ ಬೀರುವಿನ ಮುಂಭಾಗ ಚೆನ್ನಾಗಿದ್ದು ಹಿಂಭಾಗ ಹಸಿರಾಗಿರುತ್ತದೆ.

ಯಾವ ದಾರಿಯಿಂದ ಬಂದಿದೆ ಎಂದು ಗುರುತಿಸುವುದು ಬಹಳ ಕಷ್ಟವಲ್ಲ. ಗೋಡೆಯ ಪೇಂಟ್ ಗುಳ್ಳೆ ಎದ್ದು ಉದುರುತ್ತಿದ್ದರೆ, ಮಳೆ ಜೋರಾದ ದಿನ ಕಲೆ ದೊಡ್ಡದಾಗುತ್ತಿದ್ದರೆ, ನೀರು ಹೊರಗಿನದು. ಅದು ಮನೆಯ ದೋಷ, ಓನರ್ ಹೊಣೆ. ಗೋಡೆ ಗಟ್ಟಿಯಾಗಿದ್ದು ಚಪ್ಪಲಿ, ಬೆಲ್ಟು, ಬೀರುವಿನೊಳಗಿನ ಬಟ್ಟೆ, ಮಂಚದ ಅಡಿ ಮಾತ್ರ ಬೂಷ್ಟು ಹಿಡಿದಿದ್ದರೆ ಒಳಗಿನ ತೇವ ಜಾಸ್ತಿ, ಗಾಳಿ ಕಡಿಮೆ. ಅಲ್ಲಿ ಬಾಡಿಗೆದಾರರ ಪಾಲೂ ಇದೆ. ಮಳೆ ಬಿಟ್ಟ ಹೊತ್ತಿನಲ್ಲಿ ಕಿಟಕಿ ತೆಗೆಯುವುದು, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗೆ ಎಳೆದಿಡುವುದು, ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸುವುದು, ಹಾಸಿಗೆಯನ್ನು ಎತ್ತಿ ಒರಗಿಸಿಡುವುದು ಅವರ ಕೆಲಸ. ಜುಲೈಯಲ್ಲಿ ರಜೆ ಎಂದು ಮೂರು ವಾರ ಮನೆ ಮುಚ್ಚಿ ಹೋದರೆ, ಯಾರಾದರೂ ಬಂದು ಕಿಟಕಿ ತೆಗೆಯುವ ವ್ಯವಸ್ಥೆ ಮಾಡಿ ಹೋಗಬೇಕು. ಸ್ವಂತ ಮನೆಯಾಗಿದ್ದರೆ ಅಷ್ಟು ಮಾಡುತ್ತಿದ್ದೆವು. 151ನೇ ಕಲಮು ಕೇಳುವುದೂ ಅಷ್ಟನ್ನೇ.

ಆದರೆ ಒಂದು ಮಾತನ್ನು ಓನರ್‌ಗಳಿಗೆ ಒತ್ತಿ ಹೇಳಬೇಕು. ಬಟ್ಟೆ ಒಣಗಿಸಲು ಮಾಡು ಇರುವ ಜಾಗವನ್ನೇ ಕೊಡದೆ, ಕೋಣೆಯಲ್ಲಿ ಬಟ್ಟೆ ಒಣಗಿಸಿದ್ದಕ್ಕೆ ಬೀರು ಹಾಳಾಯಿತು ಎಂದು ದೂರುವುದು ಸರಿಯಲ್ಲ. ಬಾಲ್ಕನಿಗೋ ತಾರಸಿಯ ಒಂದು ಮೂಲೆಗೋ ಶೀಟು ಹಾಕಿಸಿದರೆ ಬಟ್ಟೆಯ ತೇವ ಹೊರಗೇ ಉಳಿಯುತ್ತದೆ.

ಸಾಮಾನಿನ ಆಯ್ಕೆಯೂ ಓನರ್ ಕೈಯಲ್ಲೇ ಇದೆ. ಪಾರ್ಟಿಕಲ್ ಬೋರ್ಡ್ ಎಂದರೆ ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಅಂಚಿನ ಪಟ್ಟಿ ಒಂದು ಕಡೆ ಬಿಟ್ಟರೆ ಸಾಕು, ನೀರು ಹೀರಿ ಉಬ್ಬುತ್ತದೆ. ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಮಳೆ ಜಾಸ್ತಿ ಇರುವ ಕಡೆ ಅಂಥ ಬೀರು ಇಟ್ಟು ಅದು ಬೇಗ ಹಾಳಾದರೆ ಆ ನಷ್ಟವನ್ನು ಬಾಡಿಗೆದಾರರ ತಲೆಗೆ ಕಟ್ಟಬಾರದು. ಸ್ಟೀಲ್ ಬೀರು, ನೀರು ತಡೆಯುವ ಪ್ಲೈವುಡ್, ಗಟ್ಟಿ ಮರದ ಮಂಚ ಇಲ್ಲಿಗೆ ಹೊಂದುತ್ತವೆ. ಕೆಳಗೆ ಪೆಟ್ಟಿಗೆ ಇರುವ ಬಾಕ್ಸ್ ಮಂಚ ಬೇಡ. ಹಾಸಿಗೆಯ ಅಡಿ ಗಾಳಿಯೇ ಆಡುವುದಿಲ್ಲ. ಪಟ್ಟಿ ಬಡಿದ, ಕಾಲಿನ ಮೇಲೆ ನಿಂತ ಮಂಚ ಒಳ್ಳೆಯದು.

ಅಜ್ಜನ ಕಾಲದ ಬೀಟೆ ಮಂಚ, ತೇಗದ ಕಪಾಟು ಇದ್ದರೆ? ಸಾಧ್ಯವಾದರೆ ಬಾಡಿಗೆ ಮನೆಯಲ್ಲಿ ಬಿಡಬೇಡಿ. ಅದರ ಬೆಲೆ ನಿಮ್ಮ ಮನಸ್ಸಿನಲ್ಲಿದೆ, ಅದನ್ನು ಇನ್ನೊಬ್ಬರು ಅಡ್ವಾನ್ಸಿನಲ್ಲಿ ತುಂಬಿಕೊಡಲಾರರು. ಬಿಡಲೇಬೇಕಾದರೆ ಪ್ರತ್ಯೇಕವಾಗಿ ಬರೆದು, ಗೀರು ಬಿದ್ದರೆ ಪಾಲಿಶ್ ಖರ್ಚು ಮಾತ್ರ ಎಂದು ಒಪ್ಪಿಕೊಳ್ಳಿ. ಮರದ ಮೇಲೆ ಕೂತ ಬೂಷ್ಟು ಬಹಳ ಸಲ ಒರೆಸಿದರೆ ಹೋಗುತ್ತದೆ, ಅದನ್ನು ಹಾನಿ ಎಂದು ಲೆಕ್ಕ ಹಾಕಬೇಡಿ.

ಸಿಡಿಲಿನದೂ ಹೀಗೇ ಹಂಚಿಕೆ. ಮುಂಗಾರಿಗೆ ಮುಂಚೆ, ಏಪ್ರಿಲ್ ಮೇಯಲ್ಲಿ ಗುಡುಗು ಸಿಡಿಲು ಜಾಸ್ತಿ. ಸರಿಯಾದ ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್ ಓನರ್ ಹಾಕಿಸಬೇಕು. ಗುಡುಗು ಶುರುವಾದಾಗ ಟಿವಿ ಪ್ಲಗ್ ಕೀಳುವುದು ಬಾಡಿಗೆದಾರರ ಎಚ್ಚರ. ಪ್ರವಾಹ ಬೇರೆಯೇ ಮಾತು. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ಜೀವ ಉಳಿಸಿಕೊಂಡು ಓಡಿದವರಿಂದ ಸೋಫಾದ ದುಡ್ಡು ಕೇಳಲು ಕಾನೂನಿನಲ್ಲೂ ಜಾಗವಿಲ್ಲ, ಮನುಷ್ಯತ್ವದಲ್ಲೂ ಇಲ್ಲ.

ಹಾಳಾದದ್ದಕ್ಕೆ ಎಷ್ಟು?

ಬಾಡಿಗೆದಾರರ ತಪ್ಪಿನಿಂದಲೇ ವಸ್ತು ಹಾಳಾಗಿದೆ ಅನ್ನೋಣ. ಆಗಲೂ ಹೊಸದರ ಬೆಲೆ ಕೇಳುವಂತಿಲ್ಲ. ಐದು ವರ್ಷ ಹಳೆಯ ಹಾಸಿಗೆಯ ಬದಲು ಹೊಸ ಹಾಸಿಗೆ ಬಂದರೆ ಓನರ್‌ಗೆ ನಷ್ಟ ತುಂಬಿದ ಹಾಗಾಗಲಿಲ್ಲ, ಲಾಭವಾಯಿತು. ವಸ್ತುವಿನ ಸವಕಳಿಯ ಬೆಲೆಯನ್ನು ತಿಂಗಳ ತಿಂಗಳ ಬಾಡಿಗೆಯಲ್ಲೇ ಬಾಡಿಗೆದಾರರು ಕೊಟ್ಟಿರುತ್ತಾರೆ. ಸಾಮಾನು ಇರುವ ಮನೆಗೆ ಬಾಡಿಗೆ ಜಾಸ್ತಿ ಇರುವುದೇ ಅದಕ್ಕೆ.

ಲೆಕ್ಕ ಹೀಗೆ ಮಾಡಬಹುದು. 12,000 ರೂಪಾಯಿಯ ಹಾಸಿಗೆಗೆ ಎಂಟು ವರ್ಷ ಆಯುಸ್ಸು ಎಂದು ಮೊದಲೇ ಒಪ್ಪಿದ್ದೀರಿ. ಐದು ವರ್ಷವಾದ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು ಸುಟ್ಟರು. ಉಳಿದದ್ದು ಮೂರು ವರ್ಷ. ಕೊಡಬೇಕಾದದ್ದು 4,500 ರೂಪಾಯಿ. ಮರದ ಸಾಮಾನಿಗೆ ಆದಾಯ ತೆರಿಗೆಯಲ್ಲಿ ಪ್ರತಿ ವರ್ಷ ಉಳಿದ ಬೆಲೆಯ ಮೇಲೆ ಶೇ. 10ರಂತೆ ಇಳಿಸುವ ರೂಢಿಯನ್ನೇ ತೆಗೆದುಕೊಳ್ಳಬಹುದು. 30,000ದ ಸೋಫಾ ಮೂರು ವರ್ಷದ ಕೊನೆಗೆ 21,870 ಆಗುತ್ತದೆ. ರಿಪೇರಿ ಆಗುವಂತಿದ್ದರೆ ರಿಪೇರಿಯ ಬಿಲ್ಲು ಮಾತ್ರ.

ಏನು ಹಾಳಾದರೂ ಪೂರ್ತಿ ಅಡ್ವಾನ್ಸ್ ಹೋಗುತ್ತದೆ ಎಂದು ಕೆಲವು ಕರಾರುಗಳಲ್ಲಿ ಬರೆದಿರುತ್ತಾರೆ. ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಮೇಲಿನ ಮಿತಿ ಅಷ್ಟೇ.

ವಯಸ್ಸಾಗಿ ಕೆಟ್ಟ ಫ್ರಿಜ್, ವಾಷಿಂಗ್ ಮೆಷಿನ್ ಓನರ್ ರಿಪೇರಿ ಮಾಡಿಸಬೇಕು, ಆಗದಿದ್ದರೆ ಬದಲಿಸಬೇಕು ಅಥವಾ ಬಾಡಿಗೆ ಇಳಿಸಬೇಕು. ಮೆಕ್ಯಾನಿಕ್ ಮೈಸೂರಿನಿಂದ ಬರಬೇಕಾದರೆ ತಡವಾಗುತ್ತದೆ. ಎಷ್ಟು ದಿನ ಕಾಯುವುದು ಎಂದು ಕರಾರಿನಲ್ಲೇ ಬರೆದುಕೊಳ್ಳಿ. ಬಾಡಿಗೆದಾರರು ತಾವೇ ಹಾಕಿಸಿದ ಗೀಸರ್, ಶೆಲ್ಫುಗಳನ್ನು ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಗೋಡೆಯನ್ನು ಮೊದಲಿನಂತೆ ಮಾಡಿಕೊಡಬೇಕು.

ಪಟ್ಟಿ ಬರೆಯುವ ಕ್ರಮ

11 ತಿಂಗಳ ಕರಾರಿಗೆ ಸಾಮಾನಿನ ಪಟ್ಟಿ ಲಗತ್ತಿಸುವುದು ಈಗ ರೂಢಿಗೆ ಬಂದಿದೆ. ಆದರೆ ಮಂಚ 2, ಬೀರು 2, ಸೋಫಾ 1 ಎಂದು ಎಣಿಕೆ ಬರೆದರೆ ಕಳ್ಳತನ ಮಾತ್ರ ತಿಳಿಯುತ್ತದೆ. ನಮಗೆ ಬೇಕಾದದ್ದು ಸ್ಥಿತಿ. ಯಾವುದರಿಂದ ಮಾಡಿದ್ದು, ಯಾವ ವರ್ಷ ಕೊಂಡದ್ದು, ಎಷ್ಟು ಕೊಟ್ಟದ್ದು, ಈಗ ಎಲ್ಲಿ ಗೀರಿದೆ, ಎಲ್ಲಿ ಕಲೆಯಿದೆ, ಇನ್ನೆಷ್ಟು ವರ್ಷ ಬಾಳಬಹುದು. ಕೀಲಿ ಕೊಡುವ ದಿನ ಇಬ್ಬರೂ ಜೊತೆಗೆ ನಿಂತು ವಿಡಿಯೋ ಮಾಡಿ. ಬಾಗಿಲು ತೆಗೆದು, ಡ್ರಾಯರ್ ಎಳೆದು, ಹಾಸಿಗೆ ಮಗುಚಿ, ಬೀರುವಿನ ಹಿಂದಿನ ಗೋಡೆಯನ್ನೂ ತೋರಿಸಿ. ಅದೇ ದಿನ ವಾಟ್ಸಾಪ್‌ನಲ್ಲಿ ಕಳಿಸಿದರೆ ದಿನಾಂಕವೂ ಉಳಿಯುತ್ತದೆ. ಆಮೇಲೆ ಒಂದು ವಾರದೊಳಗೆ ಕಂಡ ದೋಷವನ್ನು ಸೇರಿಸಲು ಬಾಡಿಗೆದಾರರಿಗೆ ಅವಕಾಶ ಕೊಡಿ.

ಇಲ್ಲಿಗೆ ಇಷ್ಟು ಸಾಲದು. ಬೇಸಿಗೆಯಲ್ಲಿ ಮನೆ ಹಿಡಿಯುವವರು ಹೋದ ಮಳೆಗಾಲದಲ್ಲಿ ತೆಗೆದ ಫೋಟೋ ಇದ್ದರೆ ತೋರಿಸಿ ಎಂದು ಕೇಳಬೇಕು, ಯಾವ ಗೋಡೆ ಸೋರುತ್ತದೆ ಎಂದು ನೇರವಾಗಿ ಕೇಳಬೇಕು. ಕೇಳಿದ್ದನ್ನೂ ಬಂದ ಉತ್ತರವನ್ನೂ ಬರಹದಲ್ಲಿಡಬೇಕು. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಇಬ್ಬರೂ ಸೇರಿ ಒಮ್ಮೆ ಮನೆ ನೋಡಿ. ಹೆಂಚು, ತಾರಸಿ, ಕಿಟಕಿ ಸಂದು ಓನರ್ ಸರಿ ಮಾಡಿಸಲಿ, ಸಾಮಾನನ್ನು ಗೋಡೆಯಿಂದ ಬಾಡಿಗೆದಾರರು ಸರಿಸಲಿ. ತುಲಾ ಸಂಕ್ರಮಣದ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ, ಆಗ ಇನ್ನೊಮ್ಮೆ ನೋಡಿ. ಓನರ್ ದೂರದಲ್ಲಿದ್ದರೆ ವಿಡಿಯೋ ಕಾಲ್ ಸಾಕು. ಜುಲೈಯಲ್ಲಿ ಗೋಡೆ ಒದ್ದೆಯಾದರೆ ಅಂದೇ ಫೋಟೋ ಕಳಿಸಿ. ಮನೆ ಬಿಡುವ ದಿನ ಮೊದಲ ಬಾರಿ ಹೇಳಿದರೆ ಯಾರೂ ನಂಬುವುದಿಲ್ಲ, ಓನರ್‌ಗೂ ಬೀರು ಉಳಿಸಿಕೊಳ್ಳುವ ಅವಕಾಶ ತಪ್ಪಿಹೋಗುತ್ತದೆ.

ಇಷ್ಟೆಲ್ಲ ಮಾಡಿಯೂ ಅಡ್ವಾನ್ಸ್ ನಿಂತರೆ, ಯಾವ ವಸ್ತುವಿಗೆ ಎಷ್ಟು ಹಿಡಿದಿದ್ದೀರಿ ಎಂದು ಬಿಲ್ಲು ಸಮೇತ ಲೆಕ್ಕವನ್ನು ಬರಹದಲ್ಲಿ ಕೇಳಿ. ಮೊದಲ ದಿನದ ವಿಡಿಯೋ, ಜುಲೈಯ ಫೋಟೋ ಜೊತೆಗಿಡಿ. ಲೆಕ್ಕ ಬಂದರೆ ಅದರಲ್ಲೇ ಅರ್ಧ ಜಗಳ ಕರಗುತ್ತದೆ. ಬರದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ, ಇಲ್ಲವೇ ತಾಲ್ಲೂಕಿನ ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಕೊಡಬಹುದು. ಕೇಸು ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕೂರಿಸಿ ಮಾತಾಡಿಸುತ್ತಾರೆ. ಕೋರ್ಟ್ ಶುಲ್ಕ ಇಲ್ಲ. ಅಲ್ಲಿ ಇಬ್ಬರೂ ಒಪ್ಪಿ ಆದ ತೀರ್ಮಾನಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ ಇರುತ್ತದೆ, ಅದರ ಮೇಲೆ ಅಪೀಲು ಇಲ್ಲ.